ಲೋಟ ತೊಳೆಯುವಾಗ ಬರುವ ಮಾತು

ಮೆಲ್ಬರ್ನ್‌ನ ಪಶ್ಚಿಮಕ್ಕೆ ಟಾರ್ನೀಟ್ ಅಂತ ಇದೆ. ಅಲ್ಲಿ ನಮ್ಮವರು ಜಾಸ್ತಿ. ತಿಂಗಳಿಗೊಂದು ಭಾನುವಾರ ನಾವೊಂದಿಷ್ಟು ಹೆಂಗಸರು ಸೇರುತ್ತೇವೆ. ಮೊದಲ ಸಲ ವಾಟ್ಸಾಪ್‌ನಲ್ಲಿ 'ಕೌಟುಂಬಿಕ ಹಿಂಸೆ: ಮಾಹಿತಿ' ಅಂತ ದೊಡ್ಡದಾಗಿ ಹಾಕಿದ್ದೆವು. ಬಂದವರು ಮೂವರು, ಅದರಲ್ಲಿ ಇಬ್ಬರು ನಾವೇ! ಅಂಥ ಮೆಸೇಜ್ ತೋರಿಸಿ, 'ಇಲ್ಲಿಗೆ ಹೋಗಿಬರ್ತೀನಿ' ಅಂತ ಗಂಡನಿಗೆ ಯಾರು ಹೇಳುತ್ತಾರೆ? ಮುಂದಿನ ಸಲ 'ಡ್ರೈವಿಂಗ್ ಲರ್ನರ್ಸ್ ಪರೀಕ್ಷೆಗೆ ತಯಾರಿ, ಟೀ, ಚುರುಮುರಿ' ಅಂತ ಹಾಕಿದೆವು. ಕುರ್ಚಿ ಸಾಲಲಿಲ್ಲ.

ಎಲ್ಲರೂ ಹೊರಟ ಮೇಲೆ ಒಬ್ಬಳು ಲೋಟ ತೊಳೆಯುತ್ತಾ ನಿಂತಳು. ನಲ್ಲಿ ಇನ್ನೂ ಜೋರಾಗಿ ಬಿಟ್ಟು ಕೇಳಿದಳು, "ಅಕ್ಕಾ, ವೀಸಾ ಕ್ಯಾನ್ಸಲ್ ಮಾಡಿಸ್ತೀನಿ ಅಂತಾರಲ್ಲ, ಅದು ಅವರ ಕೈಲಿದೆಯಾ?"

ಹೊಡೀತಾನೆ ಅಂತ ಯಾರೂ ಶುರು ಮಾಡುವುದಿಲ್ಲ. ಪಾಸ್‌ಪೋರ್ಟ್ ಅತ್ತೆ ಹತ್ತಿರ ಇದೆ, ಸಂಬಳ ಅವರ ಅಕೌಂಟಿಗೇ ಹೋಗುತ್ತೆ, ಅಮ್ಮನ ಹತ್ತಿರ ಮಾತಾಡಬೇಕಾದರೆ ಫೋನ್ ಸ್ಪೀಕರ್‌ನಲ್ಲೇ ಇಡಬೇಕು, ಹೀಗೆ ಶುರುವಾಗುತ್ತೆ. ಮೊದಲೆಲ್ಲ ನಾನೂ 'ಸ್ವಲ್ಪ ಹೊಂದಿಕೊಂಡು ಹೋಗು' ಅಂದವಳೇ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಅವಳ ವೀಸಾ ಪ್ರಶ್ನೆಗೆ ಉತ್ತರ ಏನೆಂದರೆ, ಅದು ಗಂಡನ ಕೈಲಿಲ್ಲ. ರದ್ದು ಮಾಡುವುದು ಸರ್ಕಾರ. ಪಾರ್ಟ್‌ನರ್ ವೀಸಾ, ಅಂದರೆ ಇಲ್ಲಿ ನೆಲೆಸಿದವರ ಹೆಂಡತಿ ಅಂತ ಸಿಗುವ ವೀಸಾದ ಮೇಲೆ ಬಂದವಳು ಹಿಂಸೆ ತಾಳದೆ ಮನೆ ಬಿಟ್ಟರೂ ಪಿಆರ್ (ಇಲ್ಲೇ ಕಾಯಂ ಇರುವ ಅನುಮತಿ) ಕೇಳಲು ದಾರಿ ಇದೆ. ಗಂಡನ ಸ್ಟೂಡೆಂಟ್ ವೀಸಾ ಜೊತೆ ಬಂದವರಿಗೆ ಆ ದಾರಿ ಇಲ್ಲ. ಅದನ್ನು ಮುಚ್ಚಿಟ್ಟು ಸುಮ್ನೆ ಧೈರ್ಯ ಹೇಳಿದರೆ ಮೋಸ ಮಾಡಿದ ಹಾಗೆ, ಅಲ್ವಾ? ಅಂಥವರಿಗೆ ಇನ್‌ಟಚ್‌ಗೆ ಫೋನ್ ಮಾಡಿ ಅಂತೀವಿ. ವಲಸೆ ಬಂದ ಹೆಂಗಸರಿಗೆ ಅಂತಲೇ ಇಲ್ಲಿ 1984ರಿಂದ ಇರುವ ಸಂಸ್ಥೆ ಅದು, ವಕೀಲರೂ ಇದ್ದಾರೆ.

'ಆಸ್ಟ್ರೇಲಿಯಾದಲ್ಲೂ ವರದಕ್ಷಿಣೆಯಾ?' ಅಂತ ನಗುವವರಿದ್ದಾರೆ. ಮನೆ ಡಿಪಾಸಿಟ್‌ಗೆ ನಿಮ್ಮಪ್ಪನ ಹತ್ತಿರ ಇಪ್ಪತ್ತು ಲಕ್ಷ ತರಿಸು ಅನ್ನುವುದು ಮತ್ತೇನು? ಡಾ. ಮಂಜುಳಾ ಓಕಾನರ್ ಅನ್ನುವ ಇಲ್ಲಿನ ಮನೋವೈದ್ಯೆ ಇದರ ವಿರುದ್ಧ ವರ್ಷಗಟ್ಟಲೆ ಓಡಾಡಿದರು. 2018ರ ತಿದ್ದುಪಡಿಯಲ್ಲಿ ವರದಕ್ಷಿಣೆಗೆ ಪೀಡಿಸುವುದೂ ಹಿಂಸೆಯೇ ಅಂತ ನಮ್ಮ ವಿಕ್ಟೋರಿಯಾ ರಾಜ್ಯದ ಕಾನೂನಿನಲ್ಲೇ ಬರೆದರು.

ಇನ್ನೊಂದು ಭಯ ಇಂಟರ್‌ಪ್ರಿಟರ್‌ದು, ಅಂದರೆ ಸಹಾಯ ಕೇಳಿದಾಗ ನಮ್ಮ ಮಾತನ್ನು ಇಂಗ್ಲಿಷಿನಲ್ಲಿ ಹೇಳುವವರದು. ಕನ್ನಡದವರು ಇರುವುದೇ ಇಷ್ಟು ಜನ, ಫೋನಿನಲ್ಲಿ ಬರುವವರು ಯುಗಾದಿಗೆ ಪಕ್ಕದಲ್ಲಿ ಕೂತು ಊಟ ಮಾಡಿದವರೇ ಆದರೆ? ಆಸ್ಟ್ರೇಲಿಯಾದ ಬೇರೆ ರಾಜ್ಯದಲ್ಲಿರುವವರು ಬೇಕು, ಹೆಂಗಸೇ ಬೇಕು, ನನ್ನ ಹೆಸರು ಹೇಳಬೇಡಿ, ಹೀಗೆ ಕೇಳಬಹುದು ಅಂತ ಹೇಳಿಕೊಡುತ್ತೇವೆ. ಸಹಾಯವಾಣಿ ನಂಬರನ್ನು ಒಬ್ಬಳು ಫೋನಿನಲ್ಲಿ 'ಹಪ್ಪಳದ ಆಂಟಿ' ಅಂತ ಸೇವ್ ಮಾಡಿಕೊಂಡಿದ್ದಾಳೆ. ನಾವು ಹೇಳಿಕೊಟ್ಟಿದ್ದಲ್ಲ, ಅವಳದೇ ತಲೆ.

ಈ ತಿಂಗಳು 'ಟ್ಯಾಕ್ಸ್ ರಿಟರ್ನ್ ತುಂಬುವುದು ಹೇಗೆ' ಅಂತ ಹಾಕಿದ್ದೇವೆ. ರೀಫಂಡ್ ಬರೋಕೆ ತನ್ನ ಹೆಸರಿರುವ ಒಂದು ಅಕೌಂಟ್ ಬೇಕಲ್ಲ, ಅಲ್ಲಿಂದ ಮಾತು ಶುರು ಮಾಡೋಣ ಅಂತ.