ಗಂಟಲು ನೋಡಿದರೆ ಚೆನ್ನಾಗೇ ಇದೆ

ದಾವಣಗೆರೆ
12 ನವೆಂಬರ್ 2024, ಮಂಗಳವಾರ

ಮೆಕ್ಕೆಜೋಳದ ಸುಗ್ಗಿ. ಓಪಿಡಿ ತುಂಬ ದೂಳಿಗೆ ಕೆಮ್ಮುವವರೇ. ಅವರ ನಡುವೆ ಒಬ್ಬ ಯಜಮಾನರು ಮಾತ್ರ ಕೆಮ್ಮುತ್ತಿರಲಿಲ್ಲ. ಬೆಂಚಿನ ತುದಿಯಲ್ಲಿ ಮುಂದಕ್ಕೆ ಬಾಗಿ, ಮೊಣಕಾಲಿಗೆ ಕೈ ಊರಿ ಕೂತಿದ್ದರು. ಹೆಗಲ ಟವೆಲ್ ಬಾಯಿಗೆ ಹಿಡಿದಿದ್ದರು. ಉಗುಳು ನುಂಗಲಾಗದೆ ಅದಕ್ಕೇ ಒರೆಸಿಕೊಳ್ಳುತ್ತಿದ್ದರು.

"ನಿನ್ನೆಯಿಂದ ಗಂಟ್ಲು ನೋವು ಸರ್. ರಾತ್ರಿ ಕೊಟ್ಟ ಮಾತ್ರೆನೂ ಇಳೀಲಿಲ್ಲ" ಅಂದರು ಹೆಂಡತಿ. ಸಕ್ಕರೆ ಕಾಯಿಲೆ ಹಳೇದು. ಜ್ವರ ಇಲ್ಲ. ಮಾತು ಮಾತ್ರ ಬಾಯಲ್ಲಿ ಬಿಸಿ ಮಿರ್ಚಿ ಇಟ್ಟುಕೊಂಡವರ ಹಾಗೆ.

ಟಾರ್ಚ್ ಹಾಕಿದರೆ ಟಾನ್ಸಿಲ್ ಸರಿಯಾಗಿದೆ, ಕೆಂಪೂ ಅಷ್ಟಿಲ್ಲ. ನನಗೆ ಹೆದರಿಕೆ ಆಗುವುದು ಇಂಥ ಗಂಟಲು ಕಂಡಾಗಲೇ. ನೋವು ಇಷ್ಟಿದ್ದು ಮೇಲೆ ಏನೂ ಕಾಣದಿದ್ದರೆ, ತೊಂದರೆ ಟಾರ್ಚ್ ಬೆಳಕು ಮುಟ್ಟದಷ್ಟು ಕೆಳಗಿದೆ ಅಂತ ಅನುಮಾನಪಡಬೇಕು.

ವಾರ್ಡ್ ಹುಡುಗ ಸ್ಟ್ರೆಚರ್ ತಂದು "ಮಲಗ್ರಿ ಯಜಮಾನ್ರೇ" ಅಂದ. ಸಿಸ್ಟರ್ ಅವನ ಕೈ ಹಿಡಿದೇಬಿಟ್ಟರು. ಮಲಗಿಸಿದರೆ ಇದ್ದ ದಾರಿಯೂ ಮುಚ್ಚಿಹೋಗಬಹುದು. ಕೂತಂತೆಯೇ ಕರೆದೊಯ್ದೆವು. ಅರಿವಳಿಕೆ ಡಾಕ್ಟರು ಟ್ಯೂಬ್ ಸಿದ್ಧ ಇಟ್ಟುಕೊಂಡು ಪಕ್ಕದಲ್ಲಿ ನಿಂತ ಮೇಲೆಯೇ ಮೂಗಿನಿಂದ ಸ್ಕೋಪ್ ಇಳಿಸಿದ್ದು. ನುಂಗುವಾಗ ಶ್ವಾಸನಾಳಕ್ಕೆ ಮುಚ್ಚಳವಾಗುವ ಎಪಿಗ್ಲಾಟಿಸ್ ಕೆಂಪಗೆ, ದಪ್ಪಗೆ ಊದಿತ್ತು. ಅದರ ಹಿಂದೆ ಗಾಳಿಗೆ ಒಂದು ಸೀಳು ಉಳಿದಿತ್ತು, ಅಷ್ಟೇ.

ಹಿಂದೆ ಇದನ್ನು ಮಕ್ಕಳ ಕಾಯಿಲೆ ಅಂತಲೇ ಓದುತ್ತಿದ್ದರು. ಈಗ ಕೂಸಿಗೆ 6, 10, 14ನೇ ವಾರ ಹಾಕುವ ಪೆಂಟಾವೇಲೆಂಟ್ ಲಸಿಕೆಯಲ್ಲಿ, ಮಕ್ಕಳಿಗೆ ಹೆಚ್ಚಾಗಿ ಈ ಊತ ತರುತ್ತಿದ್ದ ಹಿಬ್ ರೋಗಾಣುವಿಗೂ ತಡೆ ಇದೆ. ಹಾಗಾಗಿ ಲಸಿಕೆ ಚೆನ್ನಾಗಿ ನಡೆದ ಕಡೆಯಲ್ಲೆಲ್ಲ ಮಕ್ಕಳಿಗಿಂತ ದೊಡ್ಡವರಲ್ಲೇ ಜಾಸ್ತಿ. ದೊಡ್ಡವರಲ್ಲಿ ಜ್ವರ ಇಲ್ಲದೆಯೂ ಬರುತ್ತದೆ. ಉಸಿರಲ್ಲಿ ಸೀಟಿ ಸದ್ದು ಕೇಳಲಿ ಅಂತ ಕಾದರೆ ತಡವಾಯಿತು ಅಂತಲೇ ಲೆಕ್ಕ.

ಜಾರ್ಜ್ ವಾಷಿಂಗ್ಟನ್ನರಿಗೂ ಇದೇ ಆಗಿತ್ತು ಅಂತ ಬಹಳ ಡಾಕ್ಟರುಗಳ ಊಹೆ. 1799ರ ಡಿಸೆಂಬರ್ 14ರ ನಸುಕಿಗೆ ಉಸಿರು ಕಟ್ಟಿತು, ರಾತ್ರಿ ತೀರಿಕೊಂಡರು. ಹಗಲೆಲ್ಲ ಡಾಕ್ಟರುಗಳು ರಕ್ತ ತೆಗೆದದ್ದೇ ತೆಗೆದದ್ದು! ಕುತ್ತಿಗೆಯಲ್ಲಿ ಗಾಳಿಗೆ ದಾರಿ ಮಾಡೋಣ ಅಂದವನು ಅವರಲ್ಲಿ ಕಿರಿಯ. ಹಿರಿಯರು ಒಪ್ಪಲಿಲ್ಲ. ಅದೇನು ಹೊಸ ಕತೆ ಅಲ್ಲ ಬಿಡಿ.

ನಮ್ಮ ಯಜಮಾನರಿಗೆ ಟ್ಯೂಬ್ ಬೇಕಾಗಲಿಲ್ಲ. ಐಸಿಯುನಲ್ಲಿ ಒರಗಿ ಕೂತಿದ್ದಾರೆ. ಆಂಟಿಬಯಾಟಿಕ್ ನರಕ್ಕೆ ಹೋಗುತ್ತಿದೆ, ಜೊತೆಗೆ ಸ್ಟೀರಾಯ್ಡ್. ಅದರಿಂದ ಸಕ್ಕರೆ ಇನ್ನೂ ಏರುತ್ತದೆ, ಇನ್ಸುಲಿನ್ ಚಾರ್ಟ್ ಬರೆದಿಟ್ಟು ಬಂದೆ. "ಒಂದ್ ಗುಟುಕು ಚಾ?" ಅಂತ ಸನ್ನೆಯಲ್ಲೇ ಕೇಳಿದರು. ನಾಳೆ ಸ್ಕೋಪ್ ಹಾಕಿ ನೋಡದೆ ಅದೂ ಇಲ್ಲ ಅಂದೆ.