ಉತ್ತರ ಗೊತ್ತಿಲ್ಲದ ಗ್ರಹದಲ್ಲಿ ಒಂದು ಪ್ರಾಕ್ಟಿಕಲ್

ನಲವತ್ತೆಂಟು ರೆಕಾರ್ಡ್ ತಿದ್ದಿದೆ. ಪೆಂಡುಲಮ್ ತೂಗುವ ಸಮಯದಿಂದ ಭೂಮಿಯ ಗುರುತ್ವ ಲೆಕ್ಕ ಹಾಕುವ ಪ್ರಯೋಗದಲ್ಲಿ ಎಲ್ಲರ ಉತ್ತರವೂ 9.78ರಿಂದ 9.82ರೊಳಗೇ ಇತ್ತು. ನಮ್ಮ ಲ್ಯಾಬಿನ ಸ್ಟಾಪ್‌ವಾಚ್ ನೋಡಿದರೆ ನಿಮಗೂ ನಗು ಬರುತ್ತೆ. ಗುಂಡಿ ಒತ್ತಿದ ಮೇಲೆ ಸ್ವಲ್ಪ ಯೋಚನೆ ಮಾಡಿ ಆಮೇಲೆ ಓಡುತ್ತೆ ಅದು. ಅಂಥದ್ದರಲ್ಲಿ ಇಷ್ಟು ಚೊಕ್ಕ ಲೆಕ್ಕ ಬರುತ್ತಾ? ಗುರುತ್ವ 9.8 ಅಂತ ಮೊದಲೇ ಗೊತ್ತು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದಿದ್ದರು. ನಾನೂ ಓದುವಾಗ ಹಾಗೇ ಮಾಡಿದವನು, ಬೈಯಲು ಬಾಯಿ ಬರಲಿಲ್ಲ.

ಬಾಗಲಕೋಟೆ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತೇನೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳನ್ನು, ಅಂದರೆ ಕಂಪ್ಯೂಟರಿನಲ್ಲೇ ಮಾಡಿ ನೋಡುವ ಪ್ರಯೋಗಗಳನ್ನು, ಪಾಠಕ್ಕೆ ತೋರಿಸುತ್ತಿದ್ದೆ. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಪೂರಾ ಉಚಿತ. ಅದರ ಪೆಂಡುಲಮ್‌ನಲ್ಲಿ ಭೂಮಿ, ಚಂದ್ರ, ಗುರು ಅಲ್ಲದೆ 'ಪ್ಲಾನೆಟ್ ಎಕ್ಸ್' ಅಂತ ಒಂದಿದೆ. ಅಲ್ಲಿಯ ಗುರುತ್ವ ಎಷ್ಟು ಅಂತ ಅದು ಹೇಳುವುದಿಲ್ಲ, ನಾವೇ ಕಂಡುಹಿಡಿಯಬೇಕು. ಹತ್ತು ಅಂಕದ ಒಂದು ಟೆಸ್ಟ್ ಇದರಲ್ಲೇ ಇಟ್ಟರೆ ಯಾರೂ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಲಾರರು ಅಂದುಕೊಂಡೆ.

ಪೆನ್‌ಡ್ರೈವ್‌ನಲ್ಲಿ ತಂದು ಹನ್ನೆರಡು ಕಂಪ್ಯೂಟರಿಗೆ ಹಾಕಿದೆ. ನೆಟ್ ಬೇಕಿಲ್ಲ. ಸಮಯ ತಾನೇ ತೋರಿಸುವ ಟೈಮರ್ ಮುಟ್ಟಬಾರದು, ಇಪ್ಪತ್ತು ತೂಗಾಟ ಎಣಿಸಿಯೇ ತೆಗೆಯಬೇಕು ಅಂದೆ. ಆರು ರೀಡಿಂಗ್, ಒಂದೊಂದಕ್ಕೆ ಒಂದು ಅಂಕ. ಲೆಕ್ಕಕ್ಕೆ ನಾಲ್ಕು.

ಬಾಗಲಕೋಟೆಯ ನವನಗರದ ಹುಡುಗರು ಹತ್ತೇ ನಿಮಿಷದಲ್ಲಿ ಮುಗಿಸಿ ಕೈಕಟ್ಟಿ ಕೂತರು. ಮುಧೋಳ ಕಡೆಯ ಒಬ್ಬ ಹುಡುಗಿ ಮಾತ್ರ ಮೌಸ್ ಎಳೆಯುತ್ತಲೇ ಇದ್ದಳು.

"ಸರ್ರೀ, ಬಾಣ ಅಲ್ಲೇ ನಿಂತೈತ್ರಿ, ಮುಂದ ಹೋಗವಲ್ದು."

ಹೋಗಿ ನೋಡಿದೆ. ಮೌಸ್ ಟೇಬಲ್ಲಿನ ಅಂಚಿಗೆ ಬಂದು ನಿಂತಿತ್ತು. ಅದನ್ನು ಎತ್ತಿ ಮತ್ತೆ ನಡುವೆ ಇಟ್ಟುಕೊಳ್ಳಬಹುದು ಅಂತ ಆಕೆಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವಳಿಗೆ ಎರಡೇ ರೀಡಿಂಗ್ ಆದವು. ಲೆಕ್ಕ ಮುಗಿಯಲಿಲ್ಲ. ಹತ್ತಕ್ಕೆ ಎರಡು.

ರಾತ್ರಿ ಹಾಳೆ ತಿದ್ದುವಾಗ ಒಂದು ವಿಚಿತ್ರ ಕಂಡಿತು. ಬೇಗ ಮುಗಿಸಿದವರ ಗುರುತ್ವವೆಲ್ಲ ನೂರಕ್ಕೆ ಹತ್ತು ಹನ್ನೊಂದರಷ್ಟು ಜಾಸ್ತಿ. ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಪೆಂಡುಲಮ್‌ನ ಗುಂಡು ಬಿಡುವಾಗಲೇ ಅವರು 'ಒಂದು' ಅಂದಿದ್ದರು! ಇಪ್ಪತ್ತು ಅನ್ನುವಾಗ ತೂಗಿದ್ದು ಹತ್ತೊಂಬತ್ತೇ ಸಲ. ಸಮಯ ಕಡಿಮೆ ಬಂದರೆ ಗುರುತ್ವ ಜಾಸ್ತಿ ಬರುತ್ತೆ. ಭೂಮಿಯ ಮೇಲಾದರೆ 10.9 ಬಂದು, ಅದನ್ನು 9.8 ಮಾಡಿ ತಂದಿರುತ್ತಿದ್ದರು, ನನಗೆ ಸುಳಿವೂ ಸಿಗುತ್ತಿರಲಿಲ್ಲ. ಇಲ್ಲಿ ತಿದ್ದಿಕೊಳ್ಳಲು ಉತ್ತರವೇ ಇಲ್ಲ.

ಆ ಹುಡುಗಿಯ ಎರಡು ರೀಡಿಂಗ್ ಮಾತ್ರ ಸರಿ ಇದ್ದವು. ಅವಳು 'ಸೊನ್ನೆ'ಯಿಂದ ಎಣಿಸಿದ್ದಳು. ನನ್ನ ಅಂಕದ ಪಟ್ಟಿಯಲ್ಲಿ ಸೊನ್ನೆಯಿಂದ ಎಣಿಸಿದ್ದಕ್ಕೆ ಒಂದೂ ಅಂಕ ಇರಲಿಲ್ಲ. ಫಿಸಿಕ್ಸ್ ಟೆಸ್ಟ್ ಅಂತ ಹೇಳಿ ಮೌಸ್ ಟೆಸ್ಟ್ ಮಾಡಿದ್ದೆ.

ಮರುದಿನ ಆ ಟೆಸ್ಟ್ ರದ್ದು ಅಂದೆ. ನವನಗರದವರು ಗೊಣಗಿದರು, ಗೊಣಗಲಿ. ಒಂದು ವಾರ ಊಟದ ಬಿಡುವಿನಲ್ಲಿ ಕಂಪ್ಯೂಟರ್ ರೂಮು ತೆರೆದಿಟ್ಟೆ, ಬಂದು ಸುಮ್ನೆ ಆಡಲಿ ಅಂತ. ಮತ್ತೆ ಟೆಸ್ಟ್ ಮಾಡುವಾಗ ಮೂರೇ ರೀಡಿಂಗ್ ಕೇಳಿದೆ, ಹೇಗೆ ತೆಗೆದೆ ಅಂತ ಬಾಯಲ್ಲಿ ಹೇಳುವುದಕ್ಕೆ ಐದು ಅಂಕ. ಮೌಸ್ ಬರದವರಿಗೆ ನಾನೇ ಮೌಸ್ ಹಿಡಿಯುತ್ತೇನೆ ಅಂದೆ. ವಾರವಾದರೂ ಮುಧೋಳ ಕಡೆಯ ಆ ಹುಡುಗಿಗೆ ಮೌಸ್ ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ, ಹಾಗಾಗಿ ಅವಳ ಪಕ್ಕ ಕೂತೆ.

"ದಾರ ಇನ್ನಷ್ಟ್ ಸಣ್ಣ ಮಾಡ್ರಿ ಸರ. ಹಾಂ, ಸಾಕು. ಬಿಡ್ರಿ."

ನಾನು ಗುಂಡನ್ನು ತೀರಾ ಅಗಲಕ್ಕೆ, ಅಡ್ಡಕ್ಕೆ ಎಳೆದು ಬಿಟ್ಟುಬಿಟ್ಟೆ. ಅವಳು ಎಣಿಸಿ ಮುಗಿಸಿ ಸುಮ್ಮನಾದಳು.

"ಏನಾತವಾ?"

"ಇಷ್ಟ್ ಅಗಲ ಬಿಟ್ರ ಟೈಮ್ ಜಾಸ್ತಿ ಬರ್ತೈತ್ರಿ. ಮೊದ್ಲಿನಂಗ ಸ್ವಲ್ಪ ಎಳೆದು ಬಿಡ್ರಿ."

ನಿಜ. 90 ಡಿಗ್ರಿಯಿಂದ ಬಿಟ್ಟರೆ ಸಮಯ ಸುಮಾರು ನೂರಕ್ಕೆ 18ರಷ್ಟು ಹೆಚ್ಚುತ್ತೆ. ನಾವು ಬಾಯಿಪಾಠ ಮಾಡಿಸುವ ಸೂತ್ರ ಸಣ್ಣ ಕೋನಕ್ಕಷ್ಟೇ. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಇದುವರೆಗೆ ಯಾರೂ ನನ್ನ ಕೈ ತಡೆದಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು. "ಸರ, ಲ್ಯಾಬಿನ್ಯಾಗ ನನಗ ಖರೇನ ಬಂದದ್ದು 9.4 ರೀ. ಎಲ್ಲಾರೂ 9.8 ಬರ್ದಾರ ಅಂತ ನಾನೂ ಅದನ್ನ ಬರ್ದೀನಿ. ಹೊಡದು ಹಾಕಿ ಬರೀಲೇನ್ರಿ?"

"ಬರಿಯವಾ," ಅಂದೆ. ಅವಳ ರೆಕಾರ್ಡ್ ಬೀರುವಿನಲ್ಲಿತ್ತು, ನನ್ನ ಕೆಂಪು ರೈಟ್ ಮಾರ್ಕಿನ ಸಮೇತ. ತೆಗೆದುಕೊಟ್ಟೆ.