ಆರು ಆಂಪ್‌ನಲ್ಲಿ ಕಡಂಬುಟ್ಟು

ರಜೆಗೆ ಊರಿಗೆ ಬಂದಿದ್ದೇನೆ. ಸೋಮವಾರಪೇಟೆಯಲ್ಲಿ ಆಷಾಢದ ಮಳೆ. ನಿನ್ನೆ ಸಂಜೆ ಹೋದ ಕರೆಂಟ್ ಇನ್ನೂ ಬಂದಿಲ್ಲ, ತೋಟದಾಚೆ ಎಲ್ಲೋ ಲೈನ್ ಮೇಲೆ ಮರ ಬಿದ್ದಿದೆಯಂತೆ. ಅಮ್ಮ ಯುಪಿಎಸ್‌ನಲ್ಲಿ ಎರಡೇ ಲೈಟ್ ಉರಿಸಿದ್ದಾರೆ. ಮಿಕ್ಸಿ ಮುಟ್ಟಬೇಡಿ ಅಂತ ಎಲ್ಲರಿಗೂ ಹೇಳಿಯಾಗಿದೆ, ಚಟ್ನಿ ಒರಳಲ್ಲೇ ರುಬ್ಬಿದ್ದಾಯಿತು. ಅವರನ್ನು ನೋಡುತ್ತಿದ್ದರೆ ಫ್ರಾನ್ಸ್‌ನ ಆ ರಾತ್ರಿ ಕಣ್ಣಿಗೆ ಕಟ್ಟುತ್ತದೆ.

ನಾವಿರುವುದು ಇಂಗ್ಲೆಂಡ್‌ನಲ್ಲಿ. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಒಂದು ಕ್ಯಾರವಾನ್ ಇದೆ. ಮಂಚ, ಗ್ಯಾಸ್ ಒಲೆ, ಫ್ರಿಜ್, ಗೀಸರ್ ಎಲ್ಲ ಇರುವ ಪುಟ್ಟ ಮನೆ. ಊರಲ್ಲಿ ಎಲ್ಲರೂ ಮೊದಲು ಕೇಳುವುದು, ಅದಕ್ಕೆ ಕರೆಂಟ್ ಎಲ್ಲಿಂದ ಅಂತ. ಕ್ಯಾಂಪ್‌ಸೈಟ್‌ನಲ್ಲಿ ನಮ್ಮ ಜಾಗದ ಪಕ್ಕ ಒಂದು ಕಂಬದ ಪೆಟ್ಟಿಗೆ ಇರುತ್ತದೆ. ಅಲ್ಲಿಂದ ಉದ್ದದ ಕೇಬಲ್ ಎಳೆದು, ನೀಲಿ ಬಣ್ಣದ ದಪ್ಪ ಪ್ಲಗ್ ಹಾಕಿಕೊಳ್ಳಬೇಕು. ಕೇಬಲ್ಲನ್ನು ಮೊದಲು ಕ್ಯಾರವಾನ್‌ಗೆ ಸಿಕ್ಕಿಸಿ, ಆಮೇಲೆ ಕಂಬಕ್ಕೆ. ಬಿಚ್ಚುವಾಗ ಮೊದಲು ಕಂಬದಿಂದ.

ಆ ಪೆಟ್ಟಿಗೆ ಎಷ್ಟು ಆಂಪ್ ಕೊಡುತ್ತದೆ ಅನ್ನುವುದೇ ಮುಖ್ಯ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ 10 ಅಥವಾ 16. ಫ್ರಾನ್ಸ್‌ನಲ್ಲಿ ಎಷ್ಟೋ ಕಡೆ 6 ಮಾತ್ರ. ಆಂಪನ್ನು 230 ವೋಲ್ಟ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 16 ಆಂಪ್ ಅಂದರೆ 3680 ವ್ಯಾಟ್, 10 ಅಂದರೆ 2300, 6 ಅಂದರೆ ಬರೀ 1380. ಇಂಗ್ಲೆಂಡ್‌ನ ಮನೆಗಳಲ್ಲಿ ಇರುವ ನೀರು ಕಾಯಿಸುವ ಕೆಟಲ್ ಒಂದೇ 3000 ವ್ಯಾಟ್ ಎಳೆಯುವುದುಂಟು!

ಒಂದು ವರ್ಷ ಅಪ್ಪ ಅಮ್ಮ ನಮ್ಮ ಜೊತೆ ಫ್ರಾನ್ಸ್‌ಗೆ ಬಂದಿದ್ದರು, ಅಲ್ಲಿ ನಮಗೆ ಸಿಕ್ಕಿದ್ದು 6 ಆಂಪ್ ಜಾಗ. ಅಮ್ಮ ಊರಿಂದ ಅಕ್ಕಿ ತರಿ ತಂದಿದ್ದರು. ಹೊರಗೆ ಮಳೆ, ಚಳಿ. ಗ್ಯಾಸ್ ಮುಗಿಯುತ್ತಾ ಬಂದಿತ್ತು ಅಂತ ಕರೆಂಟ್ ಸ್ಟೀಮರ್‌ನಲ್ಲಿ ಕಡಂಬುಟ್ಟು, ಅಂದರೆ ನಮ್ಮ ಕೊಡಗಿನ ಅಕ್ಕಿ ತರಿ ಉಂಡೆ, ಬೇಯಲು ಇಟ್ಟೆವು. ಅದು 800 ವ್ಯಾಟ್. ಹೀಟರ್ 1000ದಲ್ಲಿ ಓಡುತ್ತಿತ್ತು. ಆಗಲೇ ಮಿತಿ ದಾಟಿತ್ತು, ಆದರೂ ಏನೂ ಆಗಲಿಲ್ಲ. ಕಂಬದ ಪೆಟ್ಟಿಗೆಯೊಳಗಿನ ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಸ್ವಲ್ಪ ಜಾಸ್ತಿ ಲೋಡನ್ನು ತುಂಬ ಹೊತ್ತು ತಡೆದುಕೊಳ್ಳುತ್ತದೆ. ಲೋಡ್ ಹೆಚ್ಚಿದಷ್ಟೂ ಬೇಗ ಬೀಳುತ್ತದೆ. ಕಾಫಿಗೆ ಅಂತ ನಾನು ಕೆಟಲ್ ಹಾಕಿದೆ, ಅದು 2000. ನೀರು ಬಿಸಿಯಾಗುವ ಮೊದಲೇ ಅದರ ಕೆಂಪು ದೀಪ ಆರಿತು.

ಲೈಟ್ ಮಾತ್ರ ಹೋಗಲಿಲ್ಲ. ಕ್ಯಾರವಾನ್‌ನ ಲೈಟ್‌ಗಳು 12 ವೋಲ್ಟ್ ಬ್ಯಾಟರಿಯಲ್ಲಿ ಉರಿಯುತ್ತವೆ. ಅಮ್ಮ ಸ್ಟೀಮರ್ ಮುಚ್ಚಳ ಎತ್ತಿ ನೋಡಿ, "ಹಬೆ ನಿಂತಿದೆ. ಲೈಟ್ ಇದೆ. ಇಲ್ಲೂ ಯುಪಿಎಸ್ ಇದೆಯಾ?" ಅಂದರು. ಉಂಡೆಗಳು ಹೊರಗೆ ಬೆಂದು ಒಳಗೆ ಹಸಿ ಇದ್ದವು. ಕಂಬದ ಪೆಟ್ಟಿಗೆಗೆ ಬೀಗ, ಆಫೀಸ್ ತೆರೆಯುವುದು ಬೆಳಿಗ್ಗೆ. ಗ್ಯಾಸ್‌ನಲ್ಲೂ ಓಡುವ ಫ್ರಿಜ್ಜನ್ನು ಅದಕ್ಕೆ ಬದಲಾಯಿಸಿ, ಉಳಿದ ಗ್ಯಾಸಲ್ಲೇ ಕಡಂಬುಟ್ಟು ಬೇಯಿಸಿ, ಕೋಳಿ ಸಾರಿನ ಜೊತೆ ತಿಂದು, ಇದ್ದ ಕಂಬಳಿಗಳನ್ನೆಲ್ಲ ಹೊದ್ದು ಮಲಗಿದೆವು.

ಮಾರನೇ ದಿನದಿಂದ ಅಮ್ಮನೇ ಲೆಕ್ಕ ಹಿಡಿದರು. ಬೆಳಿಗ್ಗೆ ಹೀಟರ್ ಆಫ್, ಗೀಸರ್ ಆನ್. ಸ್ನಾನ ಮುಗಿದ ಮೇಲೆ ಗೀಸರ್ ಆಫ್, ಕಾಫಿಗೆ ನೀರು. ಆಮೇಲೆ ಮತ್ತೆ ಹೀಟರ್. ಯಾರೂ ಹೇಳಿಕೊಡಬೇಕಾಗಲಿಲ್ಲ. ಪ್ರತಿ ಮಳೆಗಾಲ ಮಾಡುವುದೇ ಇದನ್ನಲ್ವಾ! ನಾನು ಆ ಕೆಟಲ್ ಎತ್ತಿಟ್ಟು 750 ವ್ಯಾಟ್‌ನದು ಕೊಂಡೆ. ನಿಧಾನ, ಆದರೆ ಕೆಲಸ ಆಗುತ್ತದೆ.

ಅಪ್ಪನ ಕಣ್ಣು ಕೇಬಲ್ ಮೇಲೆ. ವಾಪಸ್ ಬರುವಾಗ ಇಂಗ್ಲೆಂಡ್‌ನ 16 ಆಂಪ್ ಜಾಗದಲ್ಲಿ ಇಳಿದೆವು. 25 ಮೀಟರ್ ಕೇಬಲ್‌ನಲ್ಲಿ ಬೇಕಾದಷ್ಟು ಎಳೆದು, ಉಳಿದದ್ದನ್ನು ಸುತ್ತಿದಂತೆಯೇ ಕ್ಯಾರವಾನ್ ಕೆಳಗೆ ತಳ್ಳಿದ್ದೆ. ಹೀಟರ್, ಗೀಸರ್ ಎರಡೂ ಓಡುತ್ತಿದ್ದವು. ಅಪ್ಪ ಬಗ್ಗಿ ಸುರುಳಿಯ ಮೇಲೆ ಅಂಗೈ ಇಟ್ಟರು. ನನ್ನ ಕೈಯನ್ನೂ ಹಿಡಿದು ಇಡಿಸಿದರು. ಬೆಚ್ಚಗಿತ್ತು, ಒಳಗಿನ ಸುತ್ತುಗಳು ಇನ್ನೂ ಬಿಸಿ. "ಬಿಸಿ ಹೊರಗೆ ಹೋಗಲು ಜಾಗ ಬೇಡವಾ ಮಗ? ಹೀಗೆ ಬಿಟ್ಟರೆ ವೈರ್ ಕರಗುತ್ತೆ" ಅಂದರು. ತೋಟದ ಪಂಪ್‌ಸೆಟ್ ಜೊತೆ ಅಷ್ಟು ವರ್ಷ ಒದ್ದಾಡಿದವರು. ಎಲ್ಲ ಆಫ್ ಮಾಡಿಸಿ, ಪೂರ್ತಿ ಕೇಬಲ್ ಬಿಚ್ಚಿ ಹುಲ್ಲಿನ ಮೇಲೆ ಸಡಿಲವಾಗಿ ಹರಡಿದರು.

ಮುಂದಿನ ವರ್ಷ ನನ್ನ ತಮ್ಮನ ಸಂಸಾರ ಬಂದು ಇದೇ ಕ್ಯಾರವಾನ್‌ನಲ್ಲಿ ಫ್ರಾನ್ಸ್ ಸುತ್ತಲಿದೆ. ಅವನಿಗೆ ಹೇಳಿದ್ದೇನೆ: ಬುಕ್ ಮಾಡುವಾಗಲೇ ಎಷ್ಟು ಆಂಪ್ ಅಂತ ಕೇಳು, 10 ಸಿಗುವುದಾದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೋ. ಅಲ್ಲಿ ಕೆಲವು ಪೆಟ್ಟಿಗೆಗಳಲ್ಲಿ ಫೇಸ್, ನ್ಯೂಟ್ರಲ್ (ಕರೆಂಟ್ ಬರುವ, ವಾಪಸ್ ಹೋಗುವ ವೈರ್‌ಗಳು) ಅದಲು ಬದಲಾಗಿರುತ್ತವೆ. ಆಗ ಒಳಗೆ ಸ್ವಿಚ್ ಆಫ್ ಮಾಡಿದರೂ ಸಾಮಾನಿನಲ್ಲಿ ಕರೆಂಟ್ ಉಳಿದಿರಬಹುದು. ಪ್ಲಗ್ ಟೆಸ್ಟರ್ ಡ್ರಾಯರ್‌ನಲ್ಲಿದೆ, ಹೋದ ಕಡೆಯೆಲ್ಲ ಮೊದಲು ಅದನ್ನು ಹಾಕಿ ನೋಡು. ಗ್ಯಾಸ್ ಸಿಲಿಂಡರ್ ತುಂಬಿಸಿಯೇ ಕೊಡುತ್ತೇನೆ. ಅಮ್ಮ ಅವನ ಕೈಲೂ ಅಕ್ಕಿ ತರಿ ಕಳಿಸುತ್ತಾರೆ.